ಎತ್ತರದ ಬಾಗಿಲು

ಮದುವೆ ಮಾತಿಗೆಂದು ಮಗ ಆರಿಸಿದ್ದು ನೂರು ವರ್ಷ ದಾಟಿದ ಕಟ್ಟಡದಲ್ಲಿದ್ದ ಹೋಟೆಲನ್ನು.

"ಇದು ಮೊದಲು ಅನಾಥ ಹೆಣ್ಮಕ್ಕಳ ಆಶ್ರಮ ಮೇಡಂ," ಎಂದ ಸಪ್ಲೈಯರ್, ದೋಸೆ ಇಡುತ್ತ. "ಕೈ ತೊಳೆಯೋಕೆ ಹೋಗೋ ಆ ಬಾಗಿಲು ತುಂಬಾ ಗಿಡ್ಡ ಇತ್ತಂತೆ. ಹುಡುಗೀರೆಲ್ಲ ತಲೆ ಬಗ್ಗಿಸ್ಕೊಂಡೇ ಹೋಗ್ಬೇಕಿತ್ತು. ಈಗ ಒಡೆಸಿ ಎತ್ತರ ಮಾಡಿದೀವಿ."

ತಾಯಿ ಅತ್ತ ತಿರುಗಲೂ ಇಲ್ಲ. ಎದುರಿಗೆ ಕೂತಿದ್ದ ಹುಡುಗಿ ಮೆಲ್ಲಗೆ, "ನಾನೂ ಇಂಥದೇ ಆಶ್ರಮದಲ್ಲಿ ಬೆಳೆದವಳು ಆಂಟಿ. ನಿಮ್ಮ ಮಗ ಹೇಳಿರಬೇಕು," ಎಂದಳು.

"ಹೇಳಿದ. ಅದಕ್ಕೇ ಬಂದೆ."

"ಅಮ್ಮಾ..."

"ನೀನು ಸುಮ್ನಿರು. ನೋಡಮ್ಮ, ನಿನ್ನ ತಪ್ಪೇನಿಲ್ಲ. ಆದ್ರೆ ಅಪ್ಪ ಅಮ್ಮ ಯಾರು ಅಂತಾನೇ ಗೊತ್ತಿಲ್ಲದವಳನ್ನ ಸೊಸೆ ಅಂತ ನಾಲ್ಕು ಜನರ ಮುಂದೆ ನಿಲ್ಲಿಸೋಕೆ ನನ್ ಕೈಲಾಗಲ್ಲ. ಆಶ್ರಮದಲ್ಲಿ ಬೆಳೆದವರ ರೀತಿ ನೀತಿ ನಮಗೇನು ಗೊತ್ತು? ಇಂಥ ಜಾಗಕ್ಕೆ ನಾನು ಕಾಲಿಟ್ಟಿದ್ದೇ ಇವತ್ತು."

ಮಗ ತಟ್ಟೆ ನೋಡುತ್ತ ಕೂತ.

ತಾಯಿ ಅರ್ಧ ತಿಂದ ದೋಸೆ ಬಿಟ್ಟು ಕೈ ತೊಳೆಯಲು ಎದ್ದರು. ಆನೆ ನುಗ್ಗುವಷ್ಟು ಎತ್ತರವಿದ್ದ ಆ ಬಾಗಿಲ ಬಳಿ ಬಂದು, ತಲೆ ಬಗ್ಗಿಸಿಕೊಂಡು ಒಳಗೆ ಹೋದರು.