ಬಂಪರ್ ಮೇಲಿನ ಜಾಗ

ದಿಬ್ಬ ಏರುವಾಗ ಕಬ್ಬಿನ ಟ್ರೇಲರಿನ ಭಾರವೆಲ್ಲ ಹಿಂದಿನ ಕೊಕ್ಕೆಗೆ ಜಗ್ಗಿ, ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಟ್ಟವು. ಅವನು ಬ್ರೇಕ್ ತುಳಿದು ನಿಲ್ಲಿಸಿದ.

"ಮೂತಿ ಎತ್ತಾಕತ್ತೈತಿ, ಮುಂದ ಯಾರರ ಕೂಡ್ರಿ!" ಎಂದು ಹಿಂದಿನ ಗಾಡಿಯವರು ಕೂಗಿದರು.

ಪಕ್ಕದಲ್ಲಿ ಕೂತಿದ್ದ ಹೆಂಡತಿ ಕೆಳಗಿಳಿದು, ಸೆರಗು ಸಿಕ್ಕಿಸಿ, ಮುಂದಿನ ಬಂಪರ್ ಹತ್ತಿದಳು. ಅವನ ಮೊದಲ ಹೆಂಡತಿ ಈ ದಿಬ್ಬದಲ್ಲಿ ಭಾರಕ್ಕೆಂದು ಅಲ್ಲೇ ಕೂಡುತ್ತಿದ್ದಳೆಂದು ಓಣಿಯ ಹೆಂಗಸರು ಹೇಳಿದ್ದರು. ಆಕೆ ಹೇಗೆ ಸತ್ತಳೆಂದು ಮಾತ್ರ ಯಾರೂ ಬಾಯಿ ಬಿಟ್ಟಿರಲಿಲ್ಲ.

"ಇಳಿ," ಎಂದ ಅವನು.

"ಅಕ್ಕ ಕೂಡ್ತಿದ್ಲಂತಲ್ಲ?"

"ಇಳಿ ಅಂದ್ನಿ."

ರಟ್ಟೆ ಹಿಡಿದು ಅವಳನ್ನು ಇಳಿಸಿದವನೇ, ಸೀಟಿನ ಹಿಂದಿದ್ದ ಉಸುಕಿನ ಚೀಲ ತಂದು ಅಲ್ಲಿಟ್ಟು ಹಗ್ಗ ಬಿಗಿಯತೊಡಗಿದ. ಮದುವೆಯಾಗಿ ವರ್ಷವಾದರೂ ಆಕೆಯ ಜಾಗದಲ್ಲಿ ಒಂದು ಗಳಿಗೆ ಕೂಡುವ ಹಕ್ಕೂ ತನಗಿಲ್ಲವೆಂದು ಅವಳಿಗೆ ಅನ್ನಿಸಿತು.

"ಆಕಿ ಜಾಗ ಚೀಲಕ್ಕ ಕೊಡ್ತೀರಿ, ನನಗ ಕೊಡೂದಿಲ್ಲ. ಆ ಚೀಲದಷ್ಟೂ ಕಿಮ್ಮತ್ತಿಲ್ಲೇನ್ರಿ ನನಗ?"

ಅವನು ತಿರುಗಿ ನೋಡಲಿಲ್ಲ. ಗಂಟು ಹಾಕಿ, ಚೀಲ ಅಲುಗುತ್ತದೆಯೇ ಎಂದು ಎರಡು ಸಲ ಜಗ್ಗಿ ನೋಡಿದ.

"ಚೀಲ ಜಾರಿ ಗಾಲಿಗೆ ಸಿಕ್ಕರ, ಬರೇ ಉಸುಕು ಚೆಲ್ಲತೈತಿ."