ಗುಬ್ಬಿ ನಡೆದಳು

“ಮೇಡಂ, ಫೈಲು ಆಮೇಲೆ ತೆಗೀರಿ. ಮೊದ್ಲು ಇಲ್ಲಿ ನೋಡಿ,” ಎನ್ನುತ್ತಾ ಸಾಕುತಾಯಿ ಮಗುವನ್ನು ಎತ್ತಿಕೊಂಡು ಬಂದು ಕೋಣೆಯ ಆ ತುದಿಯಲ್ಲಿ ನಿಲ್ಲಿಸಿ, ಕೈ ಬಿಟ್ಟಳು. “ಗುಬ್ಬೀ, ಅತ್ತೆ ಹತ್ರ ಹೋಗು. ಹೋಗು ನನ್ನ ಬಂಗಾರ.”

ಗುಬ್ಬಿ ಒಮ್ಮೆ ವಾಲಿದಳು. ತುಟಿ ಕಚ್ಚಿ, ಎರಡೂ ಕೈ ಅಗಲಿಸಿ, ಎಡಗಾಲನ್ನು ಎತ್ತಿಟ್ಟಳು. ಬಲಗಾಲನ್ನು ಹಿಂದಿನಿಂದ ಎಳೆದುಕೊಂಡಳು. ಹಾಗೇ ವಾಲುತ್ತಾ ಎಳೆಯುತ್ತಾ ಕೋಣೆ ದಾಟಿ ಬಂದು, ಸೋಫಾದ ಅಂಚಿನಲ್ಲಿ ಕೂತಿದ್ದ ಮೇಡಂ ಮೊಣಕಾಲನ್ನು ಗಬಕ್ಕನೆ ತಬ್ಬಿ, ಮುಖವೆತ್ತಿ ಕಿಲಕಿಲ ನಕ್ಕಳು.

ಮಕ್ಕಳ ಇಲಾಖೆಯಲ್ಲಿ ಅನುದಾನಗಳ ಲೆಕ್ಕ ನೋಡುವುದು ಮೇಡಂ ಕೆಲಸ. ಸಾಕುಮನೆಗಳಿಗೆ ಸರ್ಕಾರ ಕೊಡುವ ದುಡ್ಡು ಮಗುವಿಗೇ ಖರ್ಚಾಗುತ್ತಿದೆಯೇ ಎಂದು ವರ್ಷಕ್ಕೊಮ್ಮೆ ಬಂದು ಕಣ್ಣಾರೆ ನೋಡಿ ಹೋಗಬೇಕು. ಹೋದ ಸಲ ಬಂದಾಗ ಈ ಮಗು ಆಸರೆಯಿಲ್ಲದೆ ಕೂರಲೂ ಆಗದೆ ದಿಂಬಿಗೆ ಒರಗಿತ್ತು. ಈಗ ಗೋಡೆಯುದ್ದಕ್ಕೂ ಮಗುವಿನ ಎದೆಮಟ್ಟಕ್ಕೆ ಒಂದು ಉಕ್ಕಿನ ಕಂಬಿ. ಗುಜರಿಗೆ ಹೊರಟಿದ್ದ ಬಸ್ಸಿನಿಂದ ಸಾಕುತಂದೆ ಕೇಳಿ ಬಿಚ್ಚಿಸಿಕೊಂಡು ತಂದದ್ದಂತೆ. ಅವನು ಬಸ್ ಡ್ರೈವರು. ಪುಟ್ಟ ಕೈಗಳ ಉಜ್ಜಾಟಕ್ಕೆ ಕಂಬಿ ಫಳಫಳ ಹೊಳೆಯುತ್ತಿತ್ತು.

“ಇದೆಲ್ಲ ಹೇಗಮ್ಮ ಆಯ್ತು?” ಎಂದರು ಮೇಡಂ.

“ಹೇಗೆ ಅಂದ್ರೆ, ನಾನೂ ಇವಳೂ ದಿನಾ ಕಿತ್ತಾಡಿದ್ವಿ. ಎಣ್ಣೆ ತಿಕ್ಕಿ ಕಾಲು ಮಡಿಸಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಕಿರುಚೋಳು. ಮಗೂನ ಕೊಲ್ತಾ ಇದ್ದೀಯೇನೇ ಅಂತ ಪಕ್ಕದ ಮನೆಯವ್ರು ಬಂದು ಬಾಗ್ಲು ಬಡಿದಿದ್ದಾರೆ.” ಸಾಕುತಾಯಿ ನಕ್ಕಳು. “ಬರ್ಕೊಳ್ಳಿ ಮೇಡಂ. ನಡೀತಾಳೆ ಅಂತ ದಪ್ಪಕ್ಷರದಲ್ಲಿ ಬರ್ಕೊಳ್ಳಿ.”

ಮೇಡಂ ಪೆನ್ನಿನ ಕ್ಯಾಪು ತೆಗೆಯಲಿಲ್ಲ. ಕಿಟಕಿಯ ಬಳಿ ಡ್ಯೂಟಿಗೆ ಹೊರಡಲು ಅಂಗಿಯ ಗುಂಡಿ ಹಾಕುತ್ತಿದ್ದ ಡ್ರೈವರು ಕೈ ನಿಲ್ಲಿಸಿ ಅವರನ್ನೇ ನೋಡುತ್ತಿದ್ದ. ಆ ಕಣ್ಣು ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು. ಇವನಿಗೆ ಗೊತ್ತು. ಹೆಂಡತಿಗೆ ಹೇಳಿಲ್ಲ.

“ನಾನು ಬಂದಿರೋದು ಖರ್ಚು ನೋಡೋಕೆ,” ಎಂದರು ಮೇಡಂ. “ಕಾಲಿನ ವಿಚಾರ ಡಾಕ್ಟರು ಬಂದಾಗ ನೋಡ್ತಾರೆ. ನಾನು ಏನೂ ನೋಡಿಲ್ಲ ಅಂದ್ಕೊಳ್ಳಿ.”

ಸಾಕುತಾಯಿಯ ಮುಖ ಬಾಡಿತು. “ಅದ್ಯಾಕೆ ಹಾಗಂತೀರ? ಕಣ್ಣೆದುರಿಗೇ ನಡೆದ್ಲಲ್ಲ! ಗುಬ್ಬೀ, ಇನ್ನೊಂದ್ಸಲ…”

“ಸಾಕು ಬಿಡೇ,” ಎಂದ ಡ್ರೈವರು. “ನಮ್ಗೆ ಕೊಡೋದು ನಡೆಯೋಕಾಗ್ದಿರೋ ಮಕ್ಕಳನ್ನ ನೋಡ್ಕೊಳ್ಳೋ ಅನುದಾನ. ಮಗು ನಡೆದ್ರೆ ಬೇರೆ ಮನೆಗೆ ಕಳಿಸ್ತಾರೆ. ನಾನು ಸಹಿ ಹಾಕಿದ ಕಾಗದದಲ್ಲೇ ಇದೆ.”

ಅವಳು ಗಂಡನನ್ನೂ ಗೋಡೆಯ ಕಂಬಿಯನ್ನೂ ನೋಡಿದಳು. “ಗೊತ್ತಿದ್ದೂ ಇದನ್ನ ತಂದು ಹಾಕಿದ್ರಾ?”

“ಹಾಕ್ದೆ ಇರೋಕಾಗುತ್ತಾ? ಹೇಳ್ಬೇಕು ಹೇಳ್ಬೇಕು ಅಂತಲೇ ಇದ್ದೆ. ಇವಳು ಒಂದೊಂದು ಹೆಜ್ಜೆ ಇಟ್ಟಾಗ್ಲೂ ನೀನು ನಿಮ್ಮಕ್ಕಂಗೆ ಫೋನ್ ಮಾಡಿ ಅಳೋದೇನು, ನಗೋದೇನು! ಯಾವ ಬಾಯಲ್ಲಿ ಹೇಳ್ಲಿ?”

ಅವಳು ಮೇಡಂ ಕಡೆ ತಿರುಗಿದಳು. “ದುಡ್ಡು ನಿಲ್ಲಿಸ್ಬಿಡಿ ಮೇಡಂ. ಒಂದು ಕಾಸೂ ಬೇಡ. ಇವ್ರ ಸಂಬಳದಲ್ಲೇ ಹೇಗೋ ಸಾಕ್ಕೋತೀವಿ. ಮಗು ಇಲ್ಲೇ ಇರ್ಲಿ.”

ಬರೀ ದುಡ್ಡಿನ ಮಾತಾಗಿದ್ದರೆ ಮೇಡಂ ಹೇಗಾದರೂ ದಾರಿ ಹುಡುಕುತ್ತಿದ್ದರು. ಒಂದು ಬಾಬ್ತಿನ ಹಣವನ್ನು ನಿಯಮ ಮೀರದೆ ಇನ್ನೊಂದಕ್ಕೆ ಹೊಂದಿಸುವುದರಲ್ಲಿ ಅವರದು ಎತ್ತಿದ ಕೈ. “ಅನುದಾನ ಇಲ್ದೆ ಇಟ್ಕೋಬೇಕಂದ್ರೆ ದತ್ತು ತಗೋಬೇಕು. ಇವಳನ್ನ ಹೆತ್ತವಳು ಇದ್ದಾಳಮ್ಮ. ಬಿಟ್ಟುಕೊಡ್ತೀನಿ ಅಂತ ಇನ್ನೂ ಒಪ್ಪಿಲ್ಲ. ಒಪ್ಪೋವರೆಗೂ ದತ್ತು ಕೊಡೋ ಹಾಗಿಲ್ಲ,” ಎಂದರು. ಅಷ್ಟಕ್ಕೇ ನಿಲ್ಲಿಸಬೇಕೆಂದುಕೊಂಡಿದ್ದರೂ ಮಾತು ಜಾರಿತು. “ಮತ್ತೆ… ಈ ಜಾಗಕ್ಕೆ ಇನ್ನೊಂದು ಮಗು ಕಾಯ್ತಾ ಇದೆ. ಆಸ್ಪತ್ರೆಯವ್ರು ಕರ್ಕೊಂಡು ಹೋಗಿ ಅಂತಾರೆ, ಕರ್ಕೊಂಡು ಹೋಗೋರೇ ಇಲ್ಲ. ಅದಕ್ಕೂ ಇವಳ ಹಾಗೇ ಕಾಲು.”

ಗುಬ್ಬಿ ಸೋಫಾ ಹಿಡಿದುಕೊಂಡು ಆ ತುದಿಯಿಂದ ಈ ತುದಿಗೆ ಗಸ್ತು ತಿರುಗುತ್ತಿದ್ದಳು. ಆ ಮಗುವಿಗೆ ವಯಸ್ಸೆಷ್ಟು ಎಂದು ಕೇಳಲು ಬಾಯಿ ತೆರೆದ ಸಾಕುತಾಯಿ ಹಾಗೇ ಮುಚ್ಚಿಕೊಂಡಳು. ಅಂಗೈಯಿಂದ ಮುಖ ಒರೆಸಿಕೊಂಡಳು.

“ಡಾಕ್ಟರು ಯಾವತ್ತು ಬರ್ತಾರೆ?”

“ಸೋಮವಾರ.”

ಅವಳು ಒಳಗೆ ಹೋದಳು. ಸಾಮಾನು ಸರಿಸಾಡುವ ಸದ್ದು ಕೇಳಿಸಿತು. ಧೂಳು ಹಿಡಿದ ಗಾಲಿಕುರ್ಚಿಯೊಂದನ್ನು ತಳ್ಳಿಕೊಂಡು ಬಂದು, ಕೈಯಿಂದಲೇ ಕೊಡವಿ, ಮಗುವನ್ನು ಎತ್ತಿ ಅದರಲ್ಲಿ ಕೂರಿಸಿದಳು. ಗುಬ್ಬಿ ಕೊಸರಾಡಿ ಇಳಿಯಲು ನೋಡಿದಳು. ಡ್ರೈವರು ಕಿಟಕಿಯತ್ತ ತಿರುಗಿಕೊಂಡ. ಡಾಕ್ಟರ ಕಣ್ಣಿಗೆ ಮಣ್ಣೆರಚುವುದು ಆಗದ ಮಾತು ಎಂದು ಹೇಳಬೇಕೆನ್ನಿಸಿದರೂ ಮೇಡಂ ಪೆನ್ನನ್ನು ಚೀಲಕ್ಕೆ ಹಾಕಿಕೊಂಡರು.

“ಅಮ್ಮಾ, ನಾನು ಬೀಳ್ಲೇ ಇಲ್ವಲ್ಲ!” ಎಂದಳು ಗುಬ್ಬಿ. “ಮತ್ತೆ ಯಾಕೆ ಕೂರಿಸ್ತೀಯ?”

“ಹೌದು ಕಂದ, ತುಂಬಾ ಚೆನ್ನಾಗಿ ನಡೆದೆ,” ಎನ್ನುತ್ತಾ ಸಾಕುತಾಯಿ ಸೊಂಟದ ಪಟ್ಟಿಯನ್ನು ಇನ್ನೊಂದು ತೂತು ಬಿಗಿದಳು.