ಹೆಸರಿಲ್ಲದ ಹದಿನೇಳು

ಮುನ್ನೂರ ಹನ್ನೆರಡು ತಪ್ಪುಗಳಲ್ಲಿ ಮುನ್ನೂರ ಹನ್ನೊಂದನ್ನು ಅವಳು ಊಟದ ಹೊತ್ತಿನೊಳಗೇ ತಿದ್ದಿ ಮುಗಿಸಿದ್ದಳು. ತಪ್ಪು ಅಂದರೆ ಪ್ರಾಣ ಹೋಗುವಂಥ ತಪ್ಪೇನಲ್ಲ. ಆಸ್ಪತ್ರೆಯ ಲ್ಯಾಬಿಗೆಂದು ಬರೆದ ಆ ಪ್ರೋಗ್ರಾಂ ಏಳೆಂಟು ವರ್ಷದಿಂದ ಒಂದು ದಿನವೂ ಕೈಕೊಟ್ಟಿರಲಿಲ್ಲ. ಆದರೆ ಕಂಪನಿ ಹೊಸದಾಗಿ ತಂದಿದ್ದ ತಪಾಸಣೆಯ ತಂತ್ರಾಂಶಕ್ಕೆ ಕೆಲಸ ನಡೆದರೆ ಸಾಲದು, ಓದುವವರ ಕಣ್ಣಿಗೂ ಅದು ಚೆಂದ ಕಾಣಬೇಕು. ಈ ಸಾಲು ಉದ್ದವಾಯಿತು, ಇಲ್ಲಿ ಜಾಗ ಬಿಟ್ಟಿಲ್ಲ, ಈ ಹೆಸರಿಗೆ ಅರ್ಥವಿಲ್ಲ ಎಂದು ಹೆಜ್ಜೆಹೆಜ್ಜೆಗೂ ಕೊಂಕು ತೆಗೆಯುತ್ತಿದ್ದ ಅದಕ್ಕೆ ಆಫೀಸಿನವರೆಲ್ಲ ಸೇರಿ ‘ಅತ್ತೆ’ ಎಂದು ಹೆಸರಿಟ್ಟಿದ್ದರು.

ಉಳಿದಿದ್ದು ಒಂದೇ ಒಂದು. ಪರದೆಯ ಮೇಲೆ ಹಳದಿ ಗೆರೆ ಎಳೆದು ಅತ್ತೆ ಆಕ್ಷೇಪ ಎತ್ತಿದ್ದಳು: ‘ಹೆಸರಿಲ್ಲದ ಸಂಖ್ಯೆ, 17. ಇದು ಏನೆಂದು ಓದುವವರಿಗೆ ತಿಳಿಯುವುದಿಲ್ಲ.’

“ಮೇಡಂ, ಅದೊಂದು ಯಾಕೆ ಹಾಗೇ ಇದೆ?” ಟೀಮ್ ಲೀಡರ್ ಬಂದು ಬೆನ್ನ ಹಿಂದೆ ನಿಂತಿದ್ದ. ವಯಸ್ಸಿನಲ್ಲಿ ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಅವಸರದಲ್ಲಿ ಮಾತ್ರ ಎಲ್ಲರಿಗಿಂತ ದೊಡ್ಡವನು. “ನಾಲ್ಕು ಗಂಟೆಗೆ ಕಳಿಸ್ಬೇಕು. ಏನದು ಹದಿನೇಳು?”

“ಗೊತ್ತಿಲ್ಲ. ಬರೆದವರನ್ನೇ ಕೇಳ್ಬೇಕು.”

“ಯಾರು, ಆ ಜಿಪುಣರನ್ನಾ? ಅವರು ಕಂಪನಿ ಬಿಟ್ಟುಹೋಗಿ ಎರಡು ವರ್ಷ ಆಯ್ತಲ್ಲ ಮೇಡಂ! ಫೋನ್ ಎತ್ತುತ್ತಾರಾ?”

“ನೋಡ್ತೀನಿ,” ಎಂದಳು.

ಗೊತ್ತಿಲ್ಲ ಎಂದಿದ್ದು ಹಸಿ ಸುಳ್ಳು. ಆ ಹದಿನೇಳು ಏನೆಂದು ಇಡೀ ಲೋಕದಲ್ಲಿ ಇಬ್ಬರಿಗೇ ಗೊತ್ತು, ಆ ಇಬ್ಬರಲ್ಲಿ ಅವಳೂ ಒಬ್ಬಳು. ರಕ್ತ ತೆಗೆದ ಮೇಲೆ ಬಾಟಲಿ ವಾರ್ಡಿನಿಂದ ಲ್ಯಾಬಿಗೆ ಬರಲು ಎಷ್ಟು ಹೊತ್ತು ಬೇಕೆಂದು ವಿಚಾರಿಸಿದರೆ, ಆಸ್ಪತ್ರೆಯಲ್ಲಿ ಒಬ್ಬರು ಹತ್ತು ನಿಮಿಷ ಎಂದಿದ್ದರು, ಇನ್ನೊಬ್ಬರು ಅರ್ಧ ಗಂಟೆ ಎಂದಿದ್ದರು. “ನಡೀರಿ, ನಾವೇ ನೋಡಿಬಿಡೋಣ” ಎಂದು ಪ್ರೋಗ್ರಾಂ ಬರೆಯುತ್ತಿದ್ದ ಅವನು ಎದ್ದಿದ್ದ. ಲಿಫ್ಟ್ ಕೆಟ್ಟಿತ್ತು. ಬಾಟಲಿಯ ಡಬ್ಬಿ ಅವಳ ಕೈಯಲ್ಲಿ, ಗಡಿಯಾರ ಅವನ ಕೈಯಲ್ಲಿ. ಐದನೇ ಮಹಡಿಯಿಂದ ಮೆಟ್ಟಿಲಿಳಿದು, ಅಂಗಳ ದಾಟಿ, ಹಿಂದಿನ ಕಟ್ಟಡದ ಲ್ಯಾಬಿನವರೆಗೂ ಹೋಗಿದ್ದರು. ಆರು ವರ್ಷ ಅಕ್ಕಪಕ್ಕದ ಮೇಜಿನಲ್ಲಿ ಕೂತವರು ಜೊತೆಯಾಗಿ ನಡೆದದ್ದು ಅದೊಂದೇ ಸಲ.

ಅಕ್ಷರ ಖರ್ಚಾಗಿಬಿಡುತ್ತದೇನೋ ಎಂಬಂತೆ ಪ್ರೋಗ್ರಾಂನಲ್ಲಿ ಎಲ್ಲಕ್ಕೂ ಒಂದೊಂದೇ ಅಕ್ಷರದ ಹೆಸರಿಡುತ್ತಿದ್ದನಲ್ಲ, ಅದಕ್ಕೇ ಅವನು ಜಿಪುಣ. ಮಾತಿನಲ್ಲೂ ಅದೇ ಕತೆ. ಕೆಲಸದ ವಿಷಯವಿಲ್ಲದೆ ಅವನು ಅವಳೊಡನೆ ಬಾಯಿ ಬಿಟ್ಟವನಲ್ಲ, ಅವಳೂ ಬಿಟ್ಟವಳಲ್ಲ. ಕೊನೆಯ ದಿನ ಅವನು “ಬರ್ತೀನಿ” ಎಂದ, ಇವಳು “ಹೂಂ” ಎಂದಳು. ಆಮೇಲಿನ ಎರಡು ವರ್ಷ ಅವನ ನಂಬರನ್ನು ತೆಗೆದು ನೋಡುವುದು, ಫೋನನ್ನು ಚೀಲಕ್ಕೆ ಹಾಕುವುದು, ಇಷ್ಟೇ ಆಗಿತ್ತು. “ಅವ್ರೂ ಒಂಟಿ, ನೀನೂ ಒಂಟಿ. ಸುಮ್ನೆ ಒಂದು ಫೋನ್ ಮಾಡೋಕೆ ನಿಂಗೇನು ಧಾಡಿ ಅಕ್ಕಾ?” ಎಂದು ತಂಗಿ ಬೈದು ಬೈದು ಸೋತಿದ್ದಳು. ಸುಮ್ಮನೆ ಹೇಗೆ ಮಾಡುವುದು? ಏನಂತ ಮಾಡುವುದು? ಈಗ ಅತ್ತೆ ಬಂದು ಪುಣ್ಯ ಕಟ್ಟಿಕೊಂಡಳು.

ಎರಡನೇ ರಿಂಗಿಗೇ ಅವನು ಎತ್ತಿದ.

“ಕೆಲಸದ ವಿಷಯಕ್ಕೇ ಮಾಡಿದ್ದು,” ಎಂದಳು. “ತೊಂದರೆ ಆಯ್ತಾ?”

“ಛೇ, ಇಲ್ಲ ಇಲ್ಲ. ಹೇಳಿ, ಹೇಳಿ.” ಒಂದೇ ಮಾತನ್ನು ಎರಡೆರಡು ಸಲ ಆಡುವ ದುಂದು ಈ ಮನುಷ್ಯನಿಗೆ ಯಾವಾಗ ಬಂತಪ್ಪಾ!

“ಲ್ಯಾಬಿನ ಪ್ರೋಗ್ರಾಂನಲ್ಲಿ ಒಂದು ಹದಿನೇಳು ಇದೆ ನೋಡಿ. ಅದು ಏನು ಅಂತ ತಿಳೀತಿಲ್ಲ.”

ಅವನು ಕೇಳಿದ: “ನಿಮಗೆ ನೆನಪಿಲ್ವಾ?”

ಅಯ್ಯೋ ದೇವರೇ! ನೆಪ ಸಿಕ್ಕಿದ ಖುಷಿಯಲ್ಲಿ ಇದೊಂದು ಅವಳಿಗೆ ಹೊಳೆದೇ ಇರಲಿಲ್ಲ. ತಿಳಿಯುತ್ತಿಲ್ಲ ಎಂದರೆ ಅವನ ಪಾಲಿಗೆ ಮರೆತೆ ಎಂದೇ ಆಯಿತಲ್ಲ. ಟೀಮ್ ಲೀಡರ್ ಬೇರೆ ಕೈಕಟ್ಟಿಕೊಂಡು ಅಲ್ಲೇ ನಿಂತಿದ್ದ. “ಇಲ್ಲ... ಬಹಳ ದಿನ ಆಯ್ತಲ್ಲ,” ಎಂದುಬಿಟ್ಟಳು.

“ಹೌದು, ಬಹಳ ದಿನ ಆಯ್ತು.” ಅವನ ದನಿ ಇಳಿದುಹೋಯಿತು. “ಬರ್ಕೊಳ್ಳಿ. ಬಾಟಲಿ ವಾರ್ಡಿಂದ ಲ್ಯಾಬಿಗೆ ಬರೋಕೆ ಬೇಕಾದ ನಿಮಿಷ. ಅಷ್ಟೇ.”

ಅವಳು ಆ ಸಂಖ್ಯೆಗೆ ಯಾರು ಓದಿದರೂ ತಿಳಿಯುವಂಥ ಉದ್ದನೆಯ ಹೆಸರೊಂದನ್ನು ಕೊಟ್ಟಳು. ಹಳದಿ ಗೆರೆ ಮಾಯವಾಯಿತು. ಉಳಿದ ತಪ್ಪುಗಳು: ಸೊನ್ನೆ. “ಸೂಪರ್ ಮೇಡಂ!” ಎಂದು ಟೀಮ್ ಲೀಡರ್ ತನ್ನ ಮೇಜಿಗೆ ಓಡಿದ. ಇನ್ನು ಕೇಳುವುದಕ್ಕೆ ಕೆಲಸದ ಮಾತೊಂದೂ ಇರಲಿಲ್ಲ. ಈ ಫೋನ್ ಇಟ್ಟರೆ ಇನ್ನೊಂದು ಮಾಡಲು ನೆಪವೂ ಇಲ್ಲ.

“ಮತ್ತೇನಾದ್ರೂ ಇದ್ಯಾ?” ಅವನು ಕೇಳಿದ.

“ಇದೆ,” ಎಂದಳು. “ನಾವು ನಡೆದಿದ್ದು ಹದಿನಾರೇ ನಿಮಿಷ. ಎರಡನೇ ಮಹಡಿ ಕಿಟಕಿ ಹತ್ರ ಒಂದು ನಿಮಿಷ ಸುಮ್ನೆ ನಿಂತಿದ್ವಿ. ಅದನ್ನ ಯಾಕೆ ಕಳೀಲಿಲ್ಲ ನೀವು?”

“ನೆನಪಿದೆ, ಹಾಗಾದ್ರೆ ನೆನಪಿದೆ!” ಎಂದ ಅವನು. ಫೋನ್ ಮಾತ್ರ ಇಡಲಿಲ್ಲ.